ಹಸಿವನ್ನು ಮರೆಯದ ನಗರ ಲೈಡನ್



ಹದೀಸ್ ಕಲಿಯುವ ವಿದ್ಯಾರ್ಥಿಗಳ ಕೈಗೆ ಒಮ್ಮೆಯಾದರೂ ಬರುವ ಒಂದು ಕಿತಾಬ್ ಇದೆ. ‘ಅಲ್ ಮುಅ್‌ಜಮುಲ್ ಮುಫಹ್ರಸ್’ ಎಂದು ಅದರ ಹೆಸರು. ಹದೀಸ್‌ನ ಒಂದು ಪದ ನೆನಪಿದ್ದರೆ ಸಾಕು. ಅದು ಬುಖಾರಿ, ಮುಸ್ಲಿಮ್ ಮುಂತಾದ ಒಂಬತ್ತು ಗ್ರಂಥಗಳಲ್ಲಿ ಎಲ್ಲೆಲ್ಲಿದೆ ಎಂದು ಈ ಕಿತಾಬ್ ಬೆರಳಿಟ್ಟು ತೋರಿಸುತ್ತದೆ. ಮದ್ರಸದಲ್ಲಿ ಓದುತ್ತಿದ್ದಾಗ ಅದರ ಮೊದಲ ಪುಟದಲ್ಲಿದ್ದ ಊರಿನ ಹೆಸರು ನೋಡಿ ನನಗೆ ಅಚ್ಚರಿಯಾಗಿತ್ತು. ಕೈರೋ ಅಲ್ಲ, ಬೈರೂತ್ ಅಲ್ಲ, ದೇವಬಂದ್ ಕೂಡಾ ಅಲ್ಲ. ‘ಲೈಡನ್’ ಎಂದಿತ್ತು! ಅದೆಲ್ಲಿದೆ ಎಂದು ಉಸ್ತಾದರನ್ನು ಕೇಳಿದೆ. “ಹಾಲೆಂಡಿನಲ್ಲಿ” ಎಂದು ಹೇಳಿ ಅವರು ಪಾಠ ಮುಂದುವರಿಸಿದರು.

ಮುಂದೆ ಬಿ.ಎ. ಓದುವಾಗ ಯುರೋಪಿನ ಇತಿಹಾಸದಲ್ಲಿ ಅದೇ ಹೆಸರು ಮತ್ತೆ ಸಿಕ್ಕಿತು. ಈ ಸಲ ಅದು ಪುಸ್ತಕಗಳ ಊರಾಗಿರಲಿಲ್ಲ. ಹಸಿವಿನಿಂದ ಸಾಯುತ್ತಿದ್ದರೂ ಬಾಗಿಲು ತೆರೆಯದ ಊರಾಗಿತ್ತು. ಒಂದೇ ಊರು ಹದೀಸ್‌ನ ಪದಕೋಶಕ್ಕೂ ಹಸಿವಿನ ಕತೆಗೂ ಹೇಗೆ ಹೆಸರಾಯಿತು? ಬನ್ನಿ, ಆ ಊರಿಗೆ ಒಮ್ಮೆ ಹೋಗಿ ಬರೋಣ.

ನೀರಿನ ಮೇಲಿನ ಊರು

ನೆದರ್‌ಲ್ಯಾಂಡ್ಸ್ ದೇಶದ ಆಮ್‌ಸ್ಟರ್‌ಡ್ಯಾಮ್ ಮತ್ತು ಹೇಗ್ ನಗರಗಳ ನಡುವೆ ಲೈಡನ್ ಇದೆ. ಹಳೆಯ ರೈನ್ ಮತ್ತು ಹೊಸ ರೈನ್ ಎಂಬ ಎರಡು ಕವಲುಗಳು ಊರಿನ ನಡುವೆಯೇ ಕೂಡುತ್ತವೆ. ಅವುಗಳ ಸುತ್ತ ಮನುಷ್ಯರು ಅಗೆದ ಕಾಲುವೆಗಳು ಬಲೆಯಂತೆ ಹರಡಿವೆ. 28 ಕಿಲೋಮೀಟರ್ ಕಾಲುವೆ, 88 ಸೇತುವೆ ಎಂದು ಪ್ರವಾಸಿಗರಿಗೆ ಲೆಕ್ಕ ಹೇಳುತ್ತಾರೆ. ಆ ದೇಶದ ಸುಮಾರು ಕಾಲು ಭಾಗ ಸಮುದ್ರ ಮಟ್ಟಕ್ಕಿಂತ ತಗ್ಗಿನಲ್ಲಿದೆ. ಒಡ್ಡು ಕಟ್ಟಿ ಸಮುದ್ರವನ್ನು ಹೊರಗಿಟ್ಟು, ಗಾಳಿಗಿರಣಿಗಳಿಂದ ನೀರೆತ್ತಿ ಕಾಲುವೆಗೆ ಹರಿಸಿ ಅವರು ಹೊಲ ಮಾಡಿಕೊಂಡರು. ನಮಗೆ ಬಾವಿಯ ನೀರು ಬತ್ತುವ ಚಿಂತೆಯಾದರೆ ಅವರಿಗೆ ನೀರು ಒಳನುಗ್ಗುವ ಚಿಂತೆ!

ಎರಡು ಕವಲುಗಳು ಕೂಡುವ ಜಾಗದಲ್ಲಿ ಮಣ್ಣು ಪೇರಿಸಿ ಮಾಡಿದ ಒಂದು ದಿಬ್ಬವಿದೆ. ಅದರ ಮೇಲೆ ದುಂಡಗಿನ ಕೋಟೆ ಗೋಡೆ. ‘ಬುರ್ಖ್ಟ್’ ಎಂದು ಕರೆಯುವ ಇದಕ್ಕೆ ಸುಮಾರು ಸಾವಿರ ವರ್ಷವಾಗಿದೆ. ಅದರ ಮೇಲೆ ನಿಂತರೆ ಇಡೀ ಊರು ಕಾಣುತ್ತದೆ. ಸಂತ ಪೀಟರ್ ಹೆಸರಿನ ದೊಡ್ಡ ಚರ್ಚು, 1743ರಲ್ಲಿ ಕಟ್ಟಿದ ‘ದ ಫಾಲ್ಕ್’ ಗಾಳಿಗಿರಣಿ, ಸಾಲು ಸಾಲು ಇಟ್ಟಿಗೆ ಮನೆಗಳು, ಧಾನ್ಯ ಒದ್ದೆಯಾಗದಿರಲೆಂದು ಮಾಡು ಹಾಕಿದ ಸೇತುವೆ ಎಲ್ಲವೂ ಹತ್ತಿರ ಹತ್ತಿರವೇ ಇವೆ.

ಊರಿನ ಲಾಂಛನ ಎರಡು ಕೆಂಪು ಕೀಲಿಕೈಗಳು. ಬಿಳಿಯ ಹಿನ್ನೆಲೆಯಲ್ಲಿ ಒಂದರ ಮೇಲೊಂದು ಅಡ್ಡಲಾಗಿ ಇವೆ. ಸ್ವರ್ಗದ ಕೀಲಿಕೈ ಸಂತ ಪೀಟರ್ ಬಳಿ ಇದೆ ಎಂಬ ಕ್ರೈಸ್ತ ನಂಬಿಕೆಯಿಂದ ಈ ಚಿಹ್ನೆ ಬಂತು. ಆ ಸಂತನೇ ಈ ಊರಿನ ಪಾಲಕ. ಆದ್ದರಿಂದ ಲೈಡನ್‌ಗೆ ‘ಕೀಲಿಕೈಗಳ ನಗರ’ ಎಂಬ ಅಡ್ಡಹೆಸರೂ ಇದೆ. ಕೀಲಿಕೈಯ ಕೆಲಸ ಎರಡು: ಬಾಗಿಲು ಮುಚ್ಚುವುದು ಮತ್ತು ತೆರೆಯುವುದು. ಈ ಊರಿನ ಕತೆಯಲ್ಲಿ ಎರಡೂ ಇವೆ.

ಬಾಗಿಲು ಮುಚ್ಚಿದ ದಿನಗಳು

16ನೇ ಶತಮಾನದಲ್ಲಿ ನೆದರ್‌ಲ್ಯಾಂಡ್ಸ್ ಸ್ಪೇನ್ ದೊರೆಯ ಕೈಯಲ್ಲಿತ್ತು. ದೊರೆ ಎರಡನೇ ಫಿಲಿಪ್ ಕಟ್ಟಾ ಕ್ಯಾಥೊಲಿಕ್. ಪ್ರೊಟೆಸ್ಟೆಂಟ್ ಮತಕ್ಕೆ ತಿರುಗಿದವರನ್ನು ಅವನ ಅಧಿಕಾರಿಗಳು ಬೇಟೆಯಾಡಿ ಕೊಂದರು. ಜೊತೆಗೆ ತೆರಿಗೆಯ ಭಾರ. ಆರೆಂಜಿನ ವಿಲಿಯಂ ಎಂಬ ನಾಯಕನ ಹಿಂದೆ ಹಲವು ನಗರಗಳು ಬಂಡೆದ್ದವು. ಲೈಡನ್ ಕೂಡಾ ಬಂಡಾಯಗಾರರ ಪಕ್ಷ ಸೇರಿತು.

1573ರ ಅಕ್ಟೋಬರಿನಲ್ಲಿ ಸ್ಪೇನ್ ಸೇನೆ ಊರಿಗೆ ಮುತ್ತಿಗೆ ಹಾಕಿತು. 1574ರ ಮಾರ್ಚಿನಲ್ಲಿ ಬೇರೆಡೆ ಯುದ್ಧವಿದ್ದುದರಿಂದ ಸೇನೆ ಹಿಂದೆ ಸರಿಯಿತು. ಊರವರು ಆಪತ್ತು ಕಳೆಯಿತೆಂದು ನೆಮ್ಮದಿಯಾಗಿ ಕುಳಿತರು, ಕಣಜ ತುಂಬಿಸಿಕೊಳ್ಳಲಿಲ್ಲ. ಇದು ದೊಡ್ಡ ತಪ್ಪಾಯಿತು. ಮೇ 26ರಂದು ಸೇನಾಪತಿ ವಾಲ್ಡೆಸ್ ಮತ್ತೆ ಬಂದು ಊರನ್ನು ಸುತ್ತುವರಿದ. ಈ ಸಲ ಕೋಟೆ ಒಡೆಯುವ ಆತುರ ಅವನಿಗಿರಲಿಲ್ಲ. ಹಸಿವೇ ಬಾಗಿಲು ತೆಗೆಸುತ್ತದೆ ಎಂದು ಅವನು ಕಾದ.

ಸಹೋದರಿಯರೇ, ಯುದ್ಧದ ಕತೆ ಹೇಳುವವರು ಫಿರಂಗಿ, ಖಡ್ಗಗಳ ಬಗ್ಗೆ ಹೇಳುತ್ತಾರೆ. ಮುತ್ತಿಗೆ ನಡೆಯುವುದು ನಿಜವಾಗಿ ಅಡುಗೆಮನೆಯಲ್ಲಿ. ಮೊದಲು ರೊಟ್ಟಿಯ ಅಳತೆ ಕಡಿಮೆಯಾಯಿತು. ಆಮೇಲೆ ರೊಟ್ಟಿಯೇ ಇಲ್ಲವಾಯಿತು. ಕುದುರೆ, ನಾಯಿ, ಬೆಕ್ಕು, ಇಲಿ, ಕೊನೆಗೆ ಎಲೆಗಳನ್ನೂ ಜನ ತಿಂದರು. ಅದರ ಜೊತೆ ಪ್ಲೇಗ್ ಬಂತು. ಮಗುವಿಗೆ ಏನು ಕೊಡಲಿ ಎಂದು ದಿನವೂ ಯೋಚಿಸಿದ ತಾಯಂದಿರ ಹೆಸರನ್ನು ಯಾವ ಇತಿಹಾಸಕಾರನೂ ಬರೆದಿಡಲಿಲ್ಲ. ರಮಝಾನಿನಲ್ಲಿ ಹಸಿವೇನೆಂದು ನಾವು ಅರಿಯುತ್ತೇವೆ. ಆದರೆ ನಮಗೆ ಮಗ್ರಿಬ್ ಬಾಂಗಿನ ಭರವಸೆ ಇರುತ್ತದೆ. ಅವರಿಗೆ ಅದು ಯಾವತ್ತು ಮುಗಿಯುತ್ತದೆಂದೇ ಗೊತ್ತಿರಲಿಲ್ಲ.

ಹಸಿದ ಜನ ಮೇಯರ್ ಫಾನ್ ಡೆರ್ ವರ್ಫ್ ಎದುರು ಬಂದು, ಶರಣಾಗೋಣ ಎಂದು ಒತ್ತಾಯಿಸಿದರಂತೆ. ಆಗ ಅವನು ಊಟ ಬೇಕಿದ್ದರೆ ನನ್ನ ತೋಳನ್ನೇ ಕತ್ತರಿಸಿಕೊಳ್ಳಿ, ಊರನ್ನು ಮಾತ್ರ ಒಪ್ಪಿಸಲಾರೆ ಎಂದನೆಂದು ಜನ ಹೇಳುತ್ತಾರೆ. ಇದರಲ್ಲಿ ಸತ್ಯವೆಷ್ಟು, ದಂತಕತೆಯೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಆದರೆ ಊರಿನ ಒಂದು ಉದ್ಯಾನಕ್ಕೆ ಇಂದಿಗೂ ಅವನ ಹೆಸರಿದೆ.

ನಾಣ್ಯ ಮಾಡಲು ಬೆಳ್ಳಿ ಮುಗಿದಾಗ ಚರ್ಚಿನ ಪುಸ್ತಕಗಳ ಹಾಳೆಗಳನ್ನು ಒತ್ತಿ ಕಾಗದದ ನಾಣ್ಯ ಮಾಡಿದರು. ‘ಇದು ಸ್ವಾತಂತ್ರ್ಯಕ್ಕಾಗಿ’ ಎಂಬರ್ಥದ ಲ್ಯಾಟಿನ್ ಮಾತನ್ನು ಅದರ ಮೇಲೆ ಅಚ್ಚೊತ್ತಿದರು. ಹೊರಗಿನ ಸುದ್ದಿ ತರಲು ಪಾರಿವಾಳಗಳನ್ನು ಬಳಸಿದರು. ಆ ಪಾರಿವಾಳ ಸಾಕಿದ್ದ ಮನೆತನಕ್ಕೆ ಮುಂದೆ ‘ಪಾರಿವಾಳದ ದೂತ’ ಎಂಬರ್ಥದ ಕುಲನಾಮವೇ ಬಂತು.

ಸಮುದ್ರವನ್ನು ಒಳಗೆ ಕರೆದರು

ಊರನ್ನು ಉಳಿಸಲು ದಂಡೆತ್ತಿ ಬರುವಷ್ಟು ಸೈನ್ಯ ವಿಲಿಯಂ ಬಳಿ ಇರಲಿಲ್ಲ. ಅವನ ಬಳಿ ಇದ್ದದ್ದು ಹಡಗು. ಆದರೆ ಲೈಡನ್ ಇರುವುದು ಒಳನಾಡಿನಲ್ಲಿ! ಆಗ ಅವರು ಮಾಡಿದ ತೀರ್ಮಾನ ಕೇಳಿದರೆ ಮೈ ಜುಮ್ಮೆನ್ನುತ್ತದೆ. ತಲೆತಲಾಂತರದಿಂದ ಸಮುದ್ರವನ್ನು ತಡೆದು ನಿಲ್ಲಿಸಿದ್ದ ಒಡ್ಡುಗಳನ್ನು ತಾವೇ ಒಡೆದರು. 1574ರ ಆಗಸ್ಟಿನಲ್ಲಿ ಈ ಕೆಲಸ ಶುರುವಾಯಿತು. ರೈತರ ಹೊಲ, ಹುಲ್ಲುಗಾವಲು, ಮನೆಗಳೆಲ್ಲ ನೀರಿನಡಿಗೆ ಹೋದವು. ಊರನ್ನು ಉಳಿಸಿದ ಲೆಕ್ಕದಲ್ಲಿ ಆ ರೈತರ ಕಣ್ಣೀರನ್ನೂ ಸೇರಿಸಬೇಕು.

ತಳ ಚಪ್ಪಟೆಯಾದ ದೋಣಿಗಳಲ್ಲಿ ನಾವಿಕರು ಹೊರಟರು. ಗಾಳಿ ಎದುರಿನಿಂದ ಬೀಸುತ್ತಿದ್ದುದರಿಂದ ನೀರು ಸಾಕಷ್ಟು ಏರಲಿಲ್ಲ, ದೋಣಿಗಳು ಕೆಸರಲ್ಲಿ ಸಿಕ್ಕಿಕೊಂಡವು. ಅಕ್ಟೋಬರ್ ಮೊದಲ ದಿನಗಳಲ್ಲಿ ಬಿರುಗಾಳಿ ದಿಕ್ಕು ಬದಲಿಸಿತು. ಸಮುದ್ರದ ನೀರು ನುಗ್ಗಿ ಬಂತು. ನೀರು ಏರುತ್ತಿರುವುದನ್ನು ಕಂಡ ಸ್ಪೇನಿನ ಸೈನಿಕರು ರಾತ್ರೋರಾತ್ರಿ ಕಾಲ್ಕಿತ್ತರು. ಅದೇ ರಾತ್ರಿ ಊರಿನ ಕೋಟೆಗೋಡೆಯ ಒಂದು ಭಾಗ ಕುಸಿದು ಬಿದ್ದಿತ್ತು. ಅವರು ಇನ್ನೊಂದು ದಿನ ನಿಂತಿದ್ದರೆ ಕತೆಯೇ ಬೇರೆಯಾಗುತ್ತಿತ್ತು. ಅಕ್ಟೋಬರ್ 3ರ ಬೆಳಿಗ್ಗೆ ದೋಣಿಗಳು ಊರೊಳಗೆ ಬಂದವು. ಅಷ್ಟರಲ್ಲಿ ಊರಿನ ಸುಮಾರು ಮೂರರಲ್ಲೊಂದು ಭಾಗ ಜನ ಹಸಿವು ಮತ್ತು ರೋಗಕ್ಕೆ ಬಲಿಯಾಗಿದ್ದರು.

ಬೆಳ್ಳಿಯ ಅರ್ಧಚಂದ್ರ

ಆ ನಾವಿಕರಲ್ಲಿ ಅನೇಕರು ಬೆಳ್ಳಿಯ ಅರ್ಧಚಂದ್ರಾಕೃತಿಯ ಬಿಲ್ಲೆ ಧರಿಸಿದ್ದರು. ‘ಪೋಪನಿಗಿಂತ ತುರ್ಕನೇ ವಾಸಿ’ ಎಂದು ಅದರ ಮೇಲೆ ಕೆತ್ತಿತ್ತು! ಅಂತಹ ಬಿಲ್ಲೆಗಳು ಇಂದಿಗೂ ವಸ್ತು ಸಂಗ್ರಹಾಲಯಗಳಲ್ಲಿವೆ. ಆಗ ಉಸ್ಮಾನಿ ತುರ್ಕರು ಸ್ಪೇನಿನ ದೊಡ್ಡ ಎದುರಾಳಿಗಳು. ಅವರ ಆಡಳಿತದಲ್ಲಿ ಕ್ರೈಸ್ತರು, ಯಹೂದಿಯರು ತೆರಿಗೆ ಕೊಟ್ಟು ತಮ್ಮ ಧರ್ಮದಲ್ಲೇ ಬಾಳಬಹುದು ಎಂಬ ಸುದ್ದಿ ಯುರೋಪಿಗೆ ಮುಟ್ಟಿತ್ತು.

ಇದನ್ನು ಓದಿ ನಾವು ಹಿಗ್ಗುವ ಮುನ್ನ ಒಂದು ಮಾತು. ಆ ನಾವಿಕರು ಇಸ್ಲಾಮನ್ನು ಪ್ರೀತಿಸಿ ಈ ಬಿಲ್ಲೆ ಧರಿಸಿದ್ದಲ್ಲ. ಶತ್ರುವನ್ನು ಕೆಣಕಲು ಶತ್ರುವಿನ ಶತ್ರುವಿನ ಹೆಸರು ಹೇಳಿದರು, ಅಷ್ಟೆ. ಇತಿಹಾಸ ಓದುವಾಗ ನಮಗೆ ಇಷ್ಟವಾದದ್ದನ್ನು ಮಾತ್ರ ಹೆಕ್ಕಿಕೊಳ್ಳಬಾರದು. ಆದರೂ ನಂಬಿಕೆಗಾಗಿ ಕೊಲ್ಲದ ಆಳ್ವಿಕೆ ಬೇಕೆಂಬ ಅವರ ಹಂಬಲ ಆ ಪುಟ್ಟ ಬಿಲ್ಲೆಯಲ್ಲಿ ಕಾಣುವುದು ಸುಳ್ಳಲ್ಲ.

ಪಾತ್ರೆಯಲ್ಲಿ ಉಳಿದ ನೆನಪು

ಸ್ಪೇನಿನವರು ಬಿಟ್ಟುಹೋದ ಶಿಬಿರಕ್ಕೆ ಕಾರ್ನೆಲಿಸ್ ಎಂಬ ಹುಡುಗ ಮೊದಲು ಹೋದನಂತೆ. ಅಲ್ಲಿ ಒಂದು ಪಾತ್ರೆಯಲ್ಲಿ ಮಾಂಸ ಮತ್ತು ತರಕಾರಿ ಬೆಂದ ಅಡುಗೆ ಇತ್ತಂತೆ. ಅದೇ ‘ಹುಟ್ಸ್‌ಪಾಟ್’. ದೋಣಿಯಲ್ಲಿ ಬಂದ ನಾವಿಕರು ಉಪ್ಪು ಹಾಕಿದ ಹೆರಿಂಗ್ ಮೀನು ಮತ್ತು ಬಿಳಿ ರೊಟ್ಟಿ ಹಂಚಿದರು. ಸುಮಾರು 450 ವರ್ಷ ಕಳೆದರೂ ಲೈಡನ್ ಜನ ಪ್ರತಿ ಅಕ್ಟೋಬರ್ 3ರಂದು ಹೆರಿಂಗ್ ಮೀನು, ಬಿಳಿ ರೊಟ್ಟಿಯನ್ನು ಹಂಚುತ್ತಾರೆ. ಅದನ್ನು ಹಂಚುವ ಜಾಗ ಹಳೆಯ ತೂಕದ ಕಟ್ಟೆ. ಮೆರವಣಿಗೆ, ಸಂತೆ ಎಲ್ಲ ಇರುತ್ತದೆ. ಮನೆಗಳಲ್ಲಿ ಹುಟ್ಸ್‌ಪಾಟ್ ಬೇಯುತ್ತದೆ. ಕ್ಯಾರೆಟ್, ಈರುಳ್ಳಿ, ಬಟಾಟೆ ಬೇಯಿಸಿ ಕಿವುಚಿ, ಜೊತೆಗೆ ದನದ ಮಾಂಸ ಇಡುತ್ತಾರೆ. ಮೊದಲ ಪಾತ್ರೆಯಲ್ಲಿ ಬಟಾಟೆ ಇರಲಿಲ್ಲ, ಯುರೋಪಿನ ಅಡುಗೆಮನೆಗೆ ಅದು ಬಂದದ್ದು ಆಮೇಲೆ. ಅದೇ ಪಾತ್ರೆ ಎಂದು ನಂಬಲಾದ ಕಂಚಿನ ಪಾತ್ರೆಯೊಂದು ಊರಿನ ಲಾಕನ್‌ಹಾಲ್ ಮ್ಯೂಸಿಯಂನಲ್ಲಿದೆ.

ಯೋಚಿಸಿ ನೋಡಿ. ವಿಜಯದ ನೆನಪಿಗೆ ಅವರು ಖಡ್ಗ ಇಡಲಿಲ್ಲ, ಅಡುಗೆಯ ಪಾತ್ರೆ ಇಟ್ಟರು. ಮಕ್ಕಳಿಗೆ ಇತಿಹಾಸ ಕಲಿಸಲು ಇದಕ್ಕಿಂತ ಒಳ್ಳೆಯ ಉಪಾಯ ಯಾವುದಿದೆ? ತುತ್ತಿನ ಜೊತೆ ಕೇಳಿದ ಕತೆ ಮಗು ಮರೆಯುವುದಿಲ್ಲ.

ಬಾಗಿಲು ತೆರೆದಾಗ

ಊರಿನ ಸಹನೆಗೆ ಬಹುಮಾನವಾಗಿ ವಿಲಿಯಂ ಅಲ್ಲೊಂದು ವಿಶ್ವವಿದ್ಯಾಲಯ ತೆರೆದ. 1575ರ ಫೆಬ್ರವರಿ 8ರಂದು ಅದು ಆರಂಭವಾಯಿತು. ತೆರಿಗೆ ಮಾಫಿ ಬೇಕೋ, ವಿಶ್ವವಿದ್ಯಾಲಯ ಬೇಕೋ ಎಂದು ಕೇಳಿದಾಗ ಊರವರು ವಿದ್ಯೆಯನ್ನೇ ಆರಿಸಿದರೆಂದು ಕತೆಯಿದೆ. ಮುತ್ತಿಗೆ ಮುಗಿದು ಆಗ ನಾಲ್ಕು ತಿಂಗಳಷ್ಟೇ ಕಳೆದಿತ್ತು ಎಂಬುದಂತೂ ದಿಟ. ‘ಸ್ವಾತಂತ್ರ್ಯದ ಕೋಟೆ’ ಎಂಬುದು ಅದರ ಧ್ಯೇಯವಾಕ್ಯ. 1581ರಿಂದ ರಾಪನ್‌ಬುರ್ಖ್ ಕಾಲುವೆಯ ದಂಡೆಯಲ್ಲಿರುವ ಹಳೆಯ ಕ್ರೈಸ್ತ ಸನ್ಯಾಸಿನಿಯರ ಮಠವೇ ಅದರ ಮುಖ್ಯ ಕಟ್ಟಡ. ಅಲ್ಲಿ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಒಂದು ಸಣ್ಣ ಕೋಣೆಯಿದೆ. ‘ಬೆವರಿನ ಕೋಣೆ’ ಎಂದು ಅದಕ್ಕೆ ಹೆಸರು! ಪಾಸಾದವರು ಗೋಡೆಯ ಮೇಲೆ ಸಹಿ ಹಾಕುತ್ತಾರೆ.

ಇನ್ನು ನಮ್ಮ ಅರಬಿಯ ವಿಷಯಕ್ಕೆ ಬರೋಣ. 1613ರಲ್ಲಿ ಥಾಮಸ್ ಎರ್ಪೇನಿಯಸ್ ಅಲ್ಲಿ ಅರಬಿ ಪ್ರಾಧ್ಯಾಪಕರಾದರು. ಅದೇ ವರ್ಷ ಅವರ ಅರಬಿ ವ್ಯಾಕರಣ ಹೊರಬಂತು. ಯುರೋಪಿನವರು ಸುಮಾರು ಇನ್ನೂರು ವರ್ಷ ಅದನ್ನೇ ಓದಿ ಅರಬಿ ಕಲಿತರು. ಮದ್ರಸದ ಮಕ್ಕಳು ಬಾಯಿಪಾಠ ಮಾಡುವ ನಹ್ವಿನ ಸಣ್ಣ ಕಿತಾಬ್ ‘ಆಜುರ್‍ರೂಮಿಯ್ಯ’ವನ್ನೂ ಅವರು 1617ರಲ್ಲಿ ಲೈಡನ್‌ನಲ್ಲಿ ಅಚ್ಚು ಹಾಕಿಸಿದರು.

ಎರ್ಪೇನಿಯಸ್‌ಗೆ ಅರಬಿಯಲ್ಲಿ ನೆರವಾದವರಲ್ಲಿ ಒಬ್ಬರು ಅಹ್ಮದ್ ಬಿನ್ ಕಾಸಿಮ್ ಅಲ್ ಹಜರಿ. ಇವರು ಸ್ಪೇನಿನ ಮುಸ್ಲಿಮ್. ಅಲ್ಲಿ ಮುಸ್ಲಿಮರು ಬಲವಂತವಾಗಿ ಧರ್ಮ ಬದಲಿಸಬೇಕಾಗಿತ್ತು, ಅರಬಿ ಓದುವುದೇ ಅಪರಾಧವಾಗಿತ್ತು. 1599ರಲ್ಲಿ ಅವರು ಅಲ್ಲಿಂದ ಮೊರೊಕ್ಕೊಗೆ ತಪ್ಪಿಸಿಕೊಂಡು ಹೋದರು. ಮುಂದೆ ಸ್ಪೇನ್ ದೊರೆ ಅವರ ಜನರನ್ನೆಲ್ಲ ದೇಶದಿಂದಲೇ ಹೊರದಬ್ಬಿದ. ದಾರಿಯಲ್ಲಿ ದರೋಡೆಗೊಳಗಾದ ಆ ನಿರಾಶ್ರಿತರಿಗೆ ನ್ಯಾಯ ಕೇಳಲು ಮೊರೊಕ್ಕೊ ಸುಲ್ತಾನರ ದೂತರಾಗಿ ಅಲ್ ಹಜರಿ ಫ್ರಾನ್ಸಿಗೆ ಹೋದರು. 1611ರಲ್ಲಿ ಎರ್ಪೇನಿಯಸ್ ಅವರನ್ನು ಕಂಡದ್ದು ಅಲ್ಲಿಯೇ. 1613ರಲ್ಲಿ ಅವರು ಹಾಲೆಂಡಿಗೂ ಬಂದು ಗೆಳೆಯನನ್ನು ಭೇಟಿಯಾದರು. ಒಬ್ಬರ ಊರನ್ನು ಹಸಿವಿಗೆ ದೂಡಿದ ಸ್ಪೇನ್‌ನಿಂದಲೇ ಇನ್ನೊಬ್ಬರು ಜೀವ ಉಳಿಸಿಕೊಂಡು ಓಡಿ ಬಂದಿದ್ದರು. ಇಬ್ಬರೂ ಕೂತು ಅರಬಿ ಮಾತಾಡಿದ ಆ ದಿನಗಳನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ.

ಅವರ ಶಿಷ್ಯ ಗೋಲಿಯಸ್ ಮೊರೊಕ್ಕೊ ಮತ್ತು ಶಾಮ್ ದೇಶಗಳಿಂದ ಹಸ್ತಪ್ರತಿ ತಂದರು. ಇಸ್ತಂಬೂಲಿನಲ್ಲಿ ಡಚ್ ಪ್ರತಿನಿಧಿಯಾಗಿದ್ದ ವಾರ್ನರ್ 1665ರಲ್ಲಿ ತೀರಿಕೊಂಡಾಗ ತಾವು ಕೊಂಡಿದ್ದ ಸುಮಾರು ಸಾವಿರ ಹಸ್ತಪ್ರತಿಗಳನ್ನು ಲೈಡನ್‌ಗೆ ಬಿಟ್ಟುಹೋದರು. ಕುರ್ತುಬಾದ ಇಮಾಮ್ ಇಬ್ನು ಹಝ್ಮ್‌ರ ‘ತೌಕುಲ್ ಹಮಾಮ’ ಕೃತಿಯ ಜಗತ್ತಿನಲ್ಲಿ ತಿಳಿದಿರುವ ಏಕೈಕ ಹಸ್ತಪ್ರತಿ ಇರುವುದು ಅಲ್ಲಿಯೇ. ಇಮಾಮ್ ತಬರಿಯವರ ಬೃಹತ್ ಇತಿಹಾಸವನ್ನು ಹಲವು ಗ್ರಂಥಾಲಯಗಳ ಪ್ರತಿಗಳಿಂದ ಜೋಡಿಸಿ 1879ರಿಂದ 1901ರ ತನಕ ಅಚ್ಚು ಹಾಕಿದ್ದೂ ಲೈಡನ್‌ನ ಬ್ರಿಲ್ ಮುದ್ರಣಾಲಯ. ನಾನು ಮೊದಲು ಹೇಳಿದ ಹದೀಸ್ ಪದಕೋಶವೂ ಅಲ್ಲಿಯದೇ. ಪ್ರೊಫೆಸರ್ ವೆನ್‌ಸಿಂಕ್ ಅದನ್ನು ಆರಂಭಿಸಿದರು. ಈಜಿಪ್ಟಿನ ಮುಹಮ್ಮದ್ ಫುಆದ್ ಅಬ್ದುಲ್ ಬಾಕಿಯವರು ಕೈಜೋಡಿಸಿದರು. 1936ರಲ್ಲಿ ಮೊದಲ ಸಂಪುಟ ಬಂತು. 1939ರಲ್ಲಿ ವೆನ್‌ಸಿಂಕ್ ತೀರಿಕೊಂಡರೂ ಕೆಲಸ ನಿಲ್ಲಲಿಲ್ಲ. ಏಳನೇ ಸಂಪುಟ ಮುಗಿದದ್ದು 1969ರಲ್ಲಿ!

ವಿಶ್ವವಿದ್ಯಾಲಯದ ಹಿಂದೆ 1590ರಲ್ಲಿ ಸ್ಥಾಪಿಸಿದ ಸಸ್ಯೋದ್ಯಾನವಿದೆ. ಉಸ್ಮಾನಿ ನಾಡಿನಿಂದ ಯುರೋಪಿಗೆ ಬಂದ ಟ್ಯುಲಿಪ್ ಗಡ್ಡೆಗಳನ್ನು ಕ್ಲೂಸಿಯಸ್ ಎಂಬ ಸಸ್ಯಶಾಸ್ತ್ರಜ್ಞ ಅಲ್ಲಿ ನೆಟ್ಟರು. 1594ರಲ್ಲಿ ಅವು ಹೂಬಿಟ್ಟವು. ಹಾಲೆಂಡಿನ ಹೆಮ್ಮೆಯ ಹೂವಿಗೆ ‘ಮುಂಡಾಸು’ ಎಂಬರ್ಥದ ತುರ್ಕಿ ಪದದಿಂದ ಹೆಸರು ಬಂದಿದೆ. ನಮ್ಮ ಪಕ್ಕದ ಮಲಬಾರಿನ ಗಿಡಮರಗಳ ಬಗ್ಗೆ ಬಂದ ‘ಹೊರ್ಟುಸ್ ಮಲಬಾರಿಕುಸ್’ ಗ್ರಂಥದ ಮೊದಲ ಸಂಪುಟಕ್ಕೆ ಟಿಪ್ಪಣಿ ಬರೆದವರೂ ಲೈಡನ್‌ನ ಪ್ರಾಧ್ಯಾಪಕರೇ. 1678ರಲ್ಲಿ ಬಂದ ಆ ಸಂಪುಟ ಶುರುವಾಗುವುದು ನಮ್ಮ ಅಂಗಳದ ತೆಂಗಿನಿಂದ.

ಬೆಳಕಿನ ಹಿಂದಿನ ನೆರಳು

ಹೊಗಳಿಕೆ ಮಾತ್ರ ಹೇಳಿದರೆ ಅದು ಅರ್ಧ ಸತ್ಯ. ಸ್ವಾತಂತ್ರ್ಯಕ್ಕಾಗಿ ಹಸಿದ ಅದೇ ಊರು ಗೆದ್ದ ಮೇಲೆ ಕ್ಯಾಥೊಲಿಕರಿಗೆ ಬಹಿರಂಗ ಆರಾಧನೆಯ ಹಕ್ಕು ಕೊಡಲಿಲ್ಲ. ದಕ್ಷಿಣದಿಂದ ಓಡಿ ಬಂದ ನೇಕಾರರಿಗೆ ಬಾಗಿಲು ತೆರೆಯಿತು ನಿಜ. ಅವರ ಉಣ್ಣೆ ಬಟ್ಟೆಯಿಂದ ಊರು ಶ್ರೀಮಂತವಾಯಿತು, 1622ರ ಹೊತ್ತಿಗೆ ಜನಸಂಖ್ಯೆ 45 ಸಾವಿರದ ಹತ್ತಿರ ಬಂತು. ಆದರೆ ಆ ಮಗ್ಗಗಳ ಹಿಂದೆ ಬಡವರ ಪುಟ್ಟ ಮಕ್ಕಳು ದುಡಿಯುತ್ತಿದ್ದರು.

ಅರಬಿ ವಿದ್ಯೆಯೂ ಸದಾ ಒಳಿತಿಗೆ ಬಳಕೆಯಾಗಲಿಲ್ಲ. ಲೈಡನ್‌ನಲ್ಲಿ ಕಲಿತ ಸ್ನೂಕ್ ಹರ್ಗ್ರೋನ್ಯೆ 1885ರಲ್ಲಿ ಅಬ್ದುಲ್ ಗಫ್ಫಾರ್ ಎಂಬ ಹೆಸರಿನಲ್ಲಿ ಮಕ್ಕಾದಲ್ಲಿದ್ದು ಅಲ್ಲಿನ ಜೀವನದ ಬಗ್ಗೆ ಪುಸ್ತಕ ಬರೆದರು. ಮುಂದೆ ಇಂಡೋನೇಶ್ಯದ ಅಚೆ ಪ್ರಾಂತ್ಯದ ಮುಸ್ಲಿಮರನ್ನು ಹತ್ತಿಕ್ಕುವ ಯುದ್ಧದಲ್ಲಿ ಡಚ್ ಸರಕಾರಕ್ಕೆ ಸಲಹೆಗಾರರಾದರು. 1906ರಲ್ಲಿ ಅದೇ ವ್ಯಕ್ತಿ ಲೈಡನ್‌ನಲ್ಲಿ ಪ್ರಾಧ್ಯಾಪಕರಾದರು. ಇಂಡೋನೇಶ್ಯದ ಹುಸೇನ್ ಜಯಾದಿನಿಂಗ್ರಾಟ್ 1913ರಲ್ಲಿ ಲೈಡನ್‌ನಲ್ಲಿಯೇ ಡಾಕ್ಟರೇಟ್ ಪಡೆದು, ಆಳಿಸಿಕೊಂಡವರೂ ವಿದ್ಯೆಯಲ್ಲಿ ಹಿಂದಿಲ್ಲ ಎಂದು ತೋರಿಸಿದರು.

ಹೆಣ್ಣುಮಕ್ಕಳ ಅಂಗಳಗಳು

ಲೈಡನ್‌ನಲ್ಲಿ ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ಅಲ್ಲಿನ ‘ಹೋಫ್ಯೆ’ಗಳ ಸಂಗತಿ. ಬೀದಿಯಲ್ಲೊಂದು ಸಣ್ಣ ಬಾಗಿಲು. ಒಳಗೆ ಹೂಗಿಡಗಳ ಅಂಗಳ, ನಡುವೆ ನೀರಿನ ಪಂಪು, ಸುತ್ತ ಪುಟ್ಟ ಪುಟ್ಟ ಮನೆಗಳು. ಉಳ್ಳವರು ಸಾಯುವ ಮುನ್ನ ತಮ್ಮ ಆಸ್ತಿಯನ್ನು ಬರೆದಿಟ್ಟು ಇವನ್ನು ಕಟ್ಟಿಸಿದರು. ದಿಕ್ಕಿಲ್ಲದ ವೃದ್ಧರು, ವಿಧವೆಯರು, ಮದುವೆಯಾಗದ ಹೆಂಗಸರು ಇಲ್ಲಿ ಬಾಡಿಗೆಯಿಲ್ಲದೆ ಬಾಳಿದರು. 1652ರಲ್ಲಿ ತೀರಿಕೊಂಡ ಏವಾ ಫಾನ್ ಹೋಗವೇನ್ ಎಂಬ ಮಹಿಳೆಯ ಉಯಿಲಿನಿಂದ ಕಟ್ಟಿದ, ಒಂಟಿ ಹೆಂಗಸರಿಗಾಗಿ ಮೀಸಲಾದ ಅಂಗಳ ಇಂದಿಗೂ ಆಕೆಯ ಹೆಸರಲ್ಲೇ ಇದೆ. ಇಂತಹ ಸುಮಾರು 35 ಅಂಗಳಗಳು ಊರಿನಲ್ಲಿ ಉಳಿದಿವೆ, ಜನ ವಾಸಿಸುತ್ತಲೂ ಇದ್ದಾರೆ.

ಇದನ್ನು ಓದುವಾಗ ನಿಮಗೆ ವಕ್ಫ್ ನೆನಪಾಗಲಿಲ್ಲವೇ? ಆಸ್ತಿಯನ್ನು ಕಟ್ಟಿಟ್ಟು ಅದರ ಫಲವನ್ನು ಬಡವರಿಗೆ ಬಿಡುವ ವ್ಯವಸ್ಥೆ ನಮ್ಮಲ್ಲಿ ಮೊದಲಿನಿಂದಲೂ ಇದೆ. ಮೂರೂವರೆ ಶತಮಾನದ ನಂತರವೂ ಏವಾಳ ಮನೆಯಲ್ಲಿ ದೀಪ ಉರಿಯುತ್ತಿದೆ. ನಮ್ಮ ಹಿರಿಯರು ಬಿಟ್ಟುಹೋದ ವಕ್ಫ್ ಆಸ್ತಿಗಳಲ್ಲಿ ಎಷ್ಟು ವಿಧವೆಯರಿಗೆ ನೆರಳು ಸಿಗುತ್ತಿದೆ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ಖಾಲಿ ಜಾಗ ಮತ್ತು ಒಂದು ಭಾಷಣ

1807ರ ಜನವರಿ 12ರಂದು ಊರಿನ ಕಾಲುವೆಯಲ್ಲಿ ನಿಂತಿದ್ದ ಮದ್ದಿನ ಹಡಗೊಂದು ಸಿಡಿಯಿತು. ಸುಮಾರು 150 ಜನ ಸತ್ತರು, ಇನ್ನೂರಕ್ಕೂ ಹೆಚ್ಚು ಮನೆಗಳು ನೆಲಸಮವಾದವು. ಮನೆಗಳಿದ್ದ ಜಾಗದ ಒಂದು ಭಾಗವೇ ಇಂದು ಮೇಯರ್ ಫಾನ್ ಡೆರ್ ವರ್ಫ್ ಹೆಸರಿನ ಉದ್ಯಾನ. ಅದೇ ವಠಾರದ ಪ್ರಯೋಗಾಲಯದಲ್ಲಿ ಕಾಮರ್ಲಿಂಗ್ ಓನೆಸ್ 1908ರಲ್ಲಿ ಮೊದಲ ಬಾರಿ ಹೀಲಿಯಂ ಅನಿಲವನ್ನು ದ್ರವವಾಗಿಸಿದರು. 1911ರಲ್ಲಿ ಅತಿವಾಹಕತೆಯನ್ನು ಕಂಡುಹಿಡಿದರು. ಇಂದಿನ ಎಂ.ಆರ್.ಐ. ಯಂತ್ರಗಳ ಹಿಂದೆ ಈ ಎರಡೂ ಇವೆ.

1940ರಲ್ಲಿ ಹಿಟ್ಲರನ ಸೇನೆ ದೇಶವನ್ನು ಹಿಡಿದುಕೊಂಡು, ಯಹೂದಿ ಅಧ್ಯಾಪಕರನ್ನು ಕೆಲಸದಿಂದ ಕಿತ್ತು ಹಾಕಿತು. ಅವರಲ್ಲಿ ಒಬ್ಬರು ಕಾನೂನು ಪಂಡಿತ ಮೈಯರ್ಸ್. ನವೆಂಬರ್ 26ರಂದು ಅವರ ತರಗತಿಯ ಹೊತ್ತಿಗೆ ಸರಿಯಾಗಿ ಅವರದೇ ಶಿಷ್ಯ, ಡೀನ್ ಕ್ಲೆವರಿಂಗಾ ವೇದಿಕೆ ಹತ್ತಿದರು. ಬೈಗುಳವಿಲ್ಲದೆ, ಘೋಷಣೆಯಿಲ್ಲದೆ, ತಮ್ಮ ಗುರು ಎಂತಹವರು, ಅವರಿಗಾದ ಅನ್ಯಾಯ ಏನು ಎಂದು ವಿವರಿಸಿದರು. ಅವರನ್ನು ಕೂಡಲೇ ಜೈಲಿಗೆ ಹಾಕಿದರು. ವಿದ್ಯಾರ್ಥಿಗಳು ತರಗತಿ ಬಹಿಷ್ಕರಿಸಿದರು, ಜರ್ಮನರು ವಿಶ್ವವಿದ್ಯಾಲಯವನ್ನೇ ಮುಚ್ಚಿದರು. ಆ ಭಾಷಣದ ನೆನಪಿನಲ್ಲಿ ಪ್ರತಿ ವರ್ಷ ಉಪನ್ಯಾಸ ನಡೆಯುತ್ತದೆ. ಮುತ್ತಿಗೆಯ ಕಾಲದ ಆ ಲ್ಯಾಟಿನ್ ಮಾತಿನ ಅರ್ಥವನ್ನು ಅಂದು ಒಬ್ಬ ಅಧ್ಯಾಪಕ ಮತ್ತೆ ನೆನಪಿಸಿದರು. ನಂಬಿಕೆಯಲ್ಲಿ ನಮ್ಮವರಲ್ಲದವರಿಗಾಗಿ ಮಾತಾಡಿದಾಗಲೇ ನ್ಯಾಯದ ಮೇಲಿನ ಪ್ರೀತಿ ನಿಜವೋ ಸುಳ್ಳೋ ಎಂದು ತಿಳಿಯುವುದು.

ಓದುಗ ಸಹೋದರಿಯರೇ, ಇನ್ನೊಮ್ಮೆ ಯಾವುದಾದರೂ ಹಳೆಯ ಕಿತಾಬಿನ ಮೊದಲ ಪುಟದಲ್ಲಿ ಲೈಡನ್ ಎಂಬ ಹೆಸರು ಕಂಡರೆ ಆ ಪಾತ್ರೆಯನ್ನೂ ನೆನಪಿಸಿಕೊಳ್ಳಿ. ನಮ್ಮ ಮನೆಗಳಲ್ಲೂ ಹಿರಿಯರು ಕಂಡ ಬರ, ನೆರೆ, ಹಸಿವಿನ ಕತೆಗಳಿವೆ. ಗಂಜಿಯೊಂದನ್ನೇ ಹಂಚಿಕೊಂಡು ಉಂಡ ದಿನಗಳಿವೆ. ಅಜ್ಜಿ ಬದುಕಿರುವಾಗಲೇ ಅವುಗಳನ್ನು ಕೇಳಿ ತಿಳಿದುಕೊಳ್ಳಿ. ವರ್ಷಕ್ಕೊಮ್ಮೆಯಾದರೂ ಅದೇ ಗಂಜಿ ಮಾಡಿ, ಮಕ್ಕಳಿಗೆ ಬಡಿಸುತ್ತಾ ಆ ಕತೆ ಹೇಳಿ. ಜೊತೆಗೆ ಪಕ್ಕದ ಮನೆಗೂ ಒಂದು ಬಟ್ಟಲು ಕಳುಹಿಸಿ.